ಊರೊಟ್ಟಿನ ಮನೆ: ಆಂಗ್ಲ ದೇಶದ ಹಳ್ಳಿಯ ಇಗರ್ಜಿಗಳು

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಸಂಚರಿಸುವವನಿಗೆ ಊರು ಕಾಣುವುದಕ್ಕೆ ಮೊದಲೇ ಊರಿನ ಇಗರ್ಜಿಯ ಗೋಪುರವು ಕಾಣುವುದು. ಮರಗಳ ನಡುವೆ ಬೂದುಬಣ್ಣದ ಕಲ್ಲಿನ ಗೋಪುರ, ಅದಕ್ಕೆ ಹೊಂದಿ ಉದ್ದವಾಗಿ ಚಾಚಿಕೊಂಡ ಮಾಡು, ಸುತ್ತಲೂ ಹುಲ್ಲು ಬೆಳೆದ ಸಮಾಧಿಭೂಮಿ, ಅಲ್ಲಲ್ಲಿ ಓರೆಯಾಗಿ ನಿಂತ ಹಳೆಯ ಕಲ್ಲುಗಳು - ಆ ನಾಡಿನ ಹಳ್ಳಿಗೆ ಇವೇ ಲಕ್ಷಣ. ಇಂಥ ಕಟ್ಟಡಗಳಲ್ಲಿ ಬಹುಭಾಗವು ಆರು ಏಳು ನೂರು ವರ್ಷಗಳ ಹಿಂದಿನವು. ಕೆಲವು ನಾರ್ಮನ್ ಅರಸರ ಕಾಲಕ್ಕಿಂತಲೂ ಪೂರ್ವದವು. ಇವುಗಳನ್ನು ಕಟ್ಟಿದ ಶಿಲ್ಪಿಗಳ ಹೆಸರನ್ನು ಹೆಚ್ಚಾಗಿ ಯಾರೂ ಅರಿಯರು. ಆದರೆ ಕಟ್ಟಿಸಿದವರು ಯಾರೆಂಬುದು ಸಾಮಾನ್ಯವಾಗಿ ತಿಳಿದೇ ಇದೆ: ಆಯಾ ಊರಿನ ಜನರೇ.

ಈಗ ಈ ಕಟ್ಟಡಗಳಿಗೆ ಒಂದು ಸಂಕಟವು ಒದಗಿದೆ. ಇಂಗ್ಲೆಂಡಿನ ರಾಷ್ಟ್ರೀಯ ಧರ್ಮಸಂಸ್ಥೆಗೆ ಸುಮಾರು 16,000 ಇಗರ್ಜಿಗಳುಂಟು. ಅವುಗಳಲ್ಲಿ ಮುಕ್ಕಾಲು ಪಾಲು ಐತಿಹಾಸಿಕ ಮಹತ್ವವುಳ್ಳವೆಂದು ಸರಕಾರದ ಪಟ್ಟಿಯಲ್ಲಿ ಸೇರಿವೆ. ಆ ಸಂಸ್ಥೆಯವರೇ 2015ರಲ್ಲಿ ಪ್ರಕಟಿಸಿದ ವರದಿಯಂತೆ ನೂರಕ್ಕೆ 57 ಇಗರ್ಜಿಗಳು ಗ್ರಾಮಪ್ರದೇಶದಲ್ಲಿವೆ. ಅಲ್ಲಿ ವಾಸಿಸುವ ಜನರಾದರೋ ನೂರಕ್ಕೆ 17 ಮಂದಿ ಮಾತ್ರ. ಭಾನುವಾರದ ಪ್ರಾರ್ಥನೆಗೆ ಹತ್ತು ಹದಿನೈದು ಮಂದಿ ವೃದ್ಧರು ಕೂಡುವ ಊರುಗಳು ಅನೇಕವಾಗಿವೆ. ಇನ್ನೂರು ಜನರು ಕೂಡಬಹುದಾದ ಕಲ್ಲಿನ ಮಂದಿರದ ಮಾಡು, ಗೋಡೆ, ಗಾಜುಗಳ ಭಾರವೆಲ್ಲವೂ ಆ ಹತ್ತು ಹದಿನೈದು ಮಂದಿಯ ಹೆಗಲ ಮೇಲೆ ಬಿದ್ದಿದೆ. ಅವರು ಹೊರಲಾರದ ದಿನ ಈ ಕಟ್ಟಡಗಳ ಗತಿಯೇನು?

ಈ ಪ್ರಶ್ನೆಗೆ ಕೆಲವು ಹಳ್ಳಿಗಳು ಈಚೆಗೆ ಒಂದು ಉತ್ತರವನ್ನು ಕಂಡುಕೊಂಡಿವೆ. ಪ್ರಾರ್ಥನೆಯನ್ನು ನಿಲ್ಲಿಸದೆಯೇ ಇಗರ್ಜಿಯ ಒಂದು ಭಾಗವನ್ನು ಊರಿನ ಸಾರ್ವಜನಿಕ ಕಾರ್ಯಗಳಿಗೆ ತೆರೆದುಕೊಡುವುದೇ ಆ ಉಪಾಯ. ಇದನ್ನು ಕೇಳಿದೊಡನೆ ಹಲವರು, ಪವಿತ್ರಸ್ಥಳದಲ್ಲಿ ಇದೆಂತಹ ನವೀನಾಚಾರವೆಂದು ಹುಬ್ಬೇರಿಸಿದರು. ಆದರೆ ಚರಿತ್ರೆಯ ಪುಟಗಳನ್ನು ತಿರುವಿ ನೋಡಿದರೆ ಇದು ನವೀನವೂ ಅಲ್ಲ, ಅನಾಚಾರವೂ ಅಲ್ಲವೆಂದು ಕಂಡುಬರುವುದು.

ಮಧ್ಯಯುಗದ ಇಗರ್ಜಿಯಲ್ಲಿ ಮುಖ್ಯವಾಗಿ ಎರಡು ಭಾಗಗಳಿದ್ದುವು. ಪೂರ್ವದ ಕಡೆಗೆ ವೇದಿಕೆಯಿದ್ದ, ಪಾದ್ರಿಯು ಪೂಜೆ ನಡೆಯಿಸುತ್ತಿದ್ದ ಅಂಕಣ. ಇದಕ್ಕೆ ಚಾನ್ಸೆಲ್ ಎಂದು ಹೆಸರು. ನಮ್ಮ ದೇವಸ್ಥಾನಗಳ ಗರ್ಭಗೃಹಕ್ಕೆ ಇದನ್ನು ಒಂದು ಮಟ್ಟಿಗೆ ಹೋಲಿಸಬಹುದು. ಪಶ್ಚಿಮದ ಕಡೆಗೆ ಜನರು ಕೂಡುತ್ತಿದ್ದ ವಿಶಾಲವಾದ ಸಭಾಂಗಣ. ಇದು ನೇವ್ ಎನಿಸಿಕೊಳ್ಳುವುದು. ಇವೆರಡರ ನಡುವೆ ಕೆತ್ತನೆಯ ಮರದ ತಡಿಕೆಯೊಂದು ಇರುತ್ತಿದ್ದಿತು. ಹದಿಮೂರನೆಯ ಶತಮಾನದ ವೇಳೆಗೆ ಇಂಗ್ಲೆಂಡಿನಲ್ಲಿ ಒಂದು ಕಟ್ಟಳೆಯು ಸ್ಥಿರಪಟ್ಟಿತು: ಚಾನ್ಸೆಲಿನ ದುರಸ್ತಿಯು ದಶಾಂಶದ ಉತ್ಪತ್ತಿಯನ್ನು ಅನುಭವಿಸುವವನಿಗೆ ಸೇರಿದುದು, ಸಭಾಂಗಣದ ದುರಸ್ತಿಯು ಊರವರದು.

ಈ ಕಟ್ಟಳೆಯ ಬಲವು ಇಂದಿಗೂ ಪೂರ್ತಿಯಾಗಿ ಅಳಿದಿಲ್ಲ. ವಾರ್ವಿಕ್‌ಷೈರಿನ ಆಸ್ಟನ್ ಕ್ಯಾಂಟ್ಲೋ ಎಂಬ ಊರಿನಲ್ಲಿ ಹಿಂದೆ ದಶಾಂಶಕ್ಕೆ ಪ್ರತಿಯಾಗಿ ಬಂದ ಭೂಮಿಯನ್ನು ಹೊಂದಿದ್ದ ಒಂದು ಕುಟುಂಬವು ಚಾನ್ಸೆಲಿನ ದುರಸ್ತಿಗಾಗಿ ತೊಂಬತ್ತು ಸಾವಿರ ಪೌಂಡುಗಳಿಗೂ ಮೀರಿದ ಹಣವನ್ನು ತೆರಬೇಕೆಂಬ ತಗಾದೆಗೆ ಗುರಿಯಾಯಿತು. ವ್ಯಾಜ್ಯವು ಅತ್ಯುಚ್ಚ ನ್ಯಾಯಸ್ಥಾನದವರೆಗೂ ಹೋಗಿ, 2003ರಲ್ಲಿ ಆ ಕುಟುಂಬಕ್ಕೆ ವಿರುದ್ಧವಾಗಿ ತೀರ್ಮಾನವಾಯಿತು. ಏಳು ಶತಮಾನಗಳ ಹಿಂದೆ ಎಳೆದ ಗೆರೆಯು ನ್ಯಾಯಾಧೀಶರ ಎದುರಿಗೆ ಮಾಸದೆ ನಿಂತಿತು.

ಸಭಾಂಗಣವನ್ನು ದುರಸ್ತಿಯಲ್ಲಿಡುವ ಹೊರೆಯು ಊರವರದಾದುದರಿಂದ ಅದನ್ನು ಬಳಸುವ ಹಕ್ಕೂ ಊರವರದೆಂಬ ಭಾವನೆಯು ಸಹಜವಾಗಿಯೇ ಬೆಳೆಯಿತು. ಹಿಂದಿನ ಕಾಲದಲ್ಲಿ ಅಲ್ಲಿ ಇಂದಿನಂತೆ ಸಾಲುಸಾಲಾಗಿ ಬೆಂಚುಗಳಿರಲಿಲ್ಲ. ಬಹುಕಾಲ ಅದು ಬರಿಯ ನೆಲದ ವಿಶಾಲವಾದ ಚಾವಡಿಯಾಗಿದ್ದಿತು. ಊರಿನಲ್ಲಿ ಮಳೆಗಾಳಿಗಳಿಗೆ ಅಂಜದೆ ನೂರು ಜನರು ನಿಲ್ಲಬಹುದಾದ ಸ್ಥಳವು ಅದೊಂದೇ. ಊರಿನ ಲೆಕ್ಕಪತ್ರಗಳೂ ಬೆಲೆಯುಳ್ಳ ವಸ್ತುಗಳೂ ಅಲ್ಲಿನ ಮರದ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡಲ್ಪಡುತ್ತಿದ್ದುವು. ಸಫಕ್ ಪ್ರಾಂತದ ಮೆಂಡಲ್‌ಷಾಮಿನ ಇಗರ್ಜಿಯಲ್ಲಿ ಮುಖಮಂಟಪದ ಮೇಲಣ ಕೋಣೆಯು ಊರಿನ ಆಯುಧಶಾಲೆಯಾಗಿದ್ದಿತು. ಹದಿನೈದು ಹದಿನಾರನೆಯ ಶತಮಾನಗಳ ಕವಚಗಳನ್ನು ಇಂದಿಗೂ ಅಲ್ಲಿ ಕಾಣಬಹುದು. ಪ್ರಸಿದ್ಧ ದಿನಚರಿಕಾರನಾದ ಜಾನ್ ಈವ್ಲಿನನು ಹದಿನೇಳನೆಯ ಶತಮಾನದಲ್ಲಿ ನಾಲ್ಕು ವರ್ಷದ ಮಗುವಾಗಿದ್ದಾಗ ಅಕ್ಷರಾಭ್ಯಾಸಕ್ಕೆ ಆರಂಭಿಸಿದುದು ತನ್ನೂರಿನ ಇಗರ್ಜಿಯ ಮುಖಮಂಟಪದಲ್ಲಿಯೇ.

ಈ ಬಳಕೆಗಳಿಗೆ ಅತ್ಯುತ್ತಮವಾದ ಸಾಕ್ಷಿಯು ಅವುಗಳನ್ನು ನಿಷೇಧಿಸಿದ ಶಾಸನವೇ ಆಗಿದೆ. 1604ರ ಧರ್ಮಸಂಸ್ಥೆಯ ನಿಬಂಧನೆಗಳಲ್ಲಿ 88ನೆಯದು, ಇಗರ್ಜಿಯಲ್ಲಾಗಲಿ ಅದರ ಅಂಗಳದಲ್ಲಾಗಲಿ ನಾಟಕ, ಔತಣ, ಪಾನಗೋಷ್ಠಿ, ಲೌಕಿಕ ನ್ಯಾಯಸಭೆ, ಪಂಚಾಯತರ ಕೂಟ, ಸೈನಿಕರ ಜಮಾವಣೆ - ಇವು ಯಾವುವೂ ನಡೆಯಕೂಡದೆಂದು ವಿಧಿಸುವುದು. ನಡೆಯದಿರುವುದನ್ನು ನಡೆಯಬಾರದೆಂದು ಯಾರೂ ಶಾಸನ ಮಾಡುವುದಿಲ್ಲ. ಆ ನಿಬಂಧನೆಯನ್ನು ತಲೆಕೆಳಗು ಮಾಡಿ ಓದಿದರೆ ಮಧ್ಯಯುಗದ ಹಳ್ಳಿಯ ಸಾರ್ವಜನಿಕ ಜೀವನದ ಪಟ್ಟಿಯೇ ದೊರೆತಂತಾಗುವುದು.

ಆ ಜೀವನವು ಹೇಗಿದ್ದಿತೆಂಬುದನ್ನು ಒಂದೇ ಒಂದು ಊರಿನ ದೃಷ್ಟಾಂತದಿಂದ ತಿಳಿಯಬಹುದು. ಡೆವನ್ ಪ್ರಾಂತದ ಉತ್ತರದಲ್ಲಿ, ಎಕ್ಸ್‌ಮೂರ್ ಎಂಬ ಬೆಟ್ಟದ ಬಯಲಿನ ಅಂಚಿನಲ್ಲಿ ಮೋರ್‌ಬಾತ್ ಎಂಬ ಸಣ್ಣ ಹಳ್ಳಿಯಿದೆ. ಹದಿನಾರನೆಯ ಶತಮಾನದಲ್ಲಿ ಅಲ್ಲಿದ್ದುವು ಮೂವತ್ತಮೂರು ಒಕ್ಕಲುಗಳು. 1520ರಿಂದ 1574ರವರೆಗೆ, ಐವತ್ತನಾಲ್ಕು ವರ್ಷಗಳ ಕಾಲ, ಸರ್ ಕ್ರಿಸ್ಟೊಫರ್ ಟ್ರಿಕಿ ಎಂಬಾತನು ಆ ಊರಿನ ಪಾದ್ರಿಯಾಗಿದ್ದನು. ಆತನು ತನ್ನ ಕೈಯಿಂದಲೇ ಬರೆದ ಲೆಕ್ಕದ ಪುಸ್ತಕವು ಉಳಿದು ಬಂದಿದೆ. ಎಮನ್ ಡಫಿ ಎಂಬ ಚರಿತ್ರಕಾರರು ಅದನ್ನು ಆಧಾರವಾಗಿಟ್ಟುಕೊಂಡು 2001ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಟ್ರಿಕಿಯು ಬರೆದ ಲೆಕ್ಕಗಳು ಊರವರ ಎದುರಿಗೆ ಗಟ್ಟಿಯಾಗಿ ಓದಿ ಹೇಳುವುದಕ್ಕಾಗಿ ಬರೆದವು. ಆದುದರಿಂದ ಅವುಗಳಲ್ಲಿ ಅಂಕೆಗಳ ಜೊತೆಗೆ ಊರಿನ ದನಿಯೂ ಕೇಳಿಸುವುದು.

ಆ ಊರಿನ ಇಗರ್ಜಿಗೆ ಒಂದು ಕುರಿಯ ಮಂದೆಯಿದ್ದಿತು. ಸಂತರ ಹೆಸರಿನಲ್ಲಿ ಬೇರೆಬೇರೆ ನಿಧಿಗಳು. ಒಂದೊಂದು ನಿಧಿಗೂ ಕೆಲವು ಕುರಿಗಳು. ಆ ಕುರಿಗಳನ್ನು ಒಕ್ಕಲಿನವರು ತಮ್ಮ ಕುರಿಗಳ ಜೊತೆಯಲ್ಲಿಯೇ ಸಾಕಿ, ಉಣ್ಣೆಯ ಹಣವನ್ನು ಲೆಕ್ಕಕ್ಕೆ ಒಪ್ಪಿಸುತ್ತಿದ್ದರು. ಊರಿನ ಯುವಕರದೊಂದು ನಿಧಿ, ಕನ್ಯೆಯರದೊಂದು ನಿಧಿ. ವರ್ಷಕ್ಕೆ ಒಂದೆರಡು ಸಲ ಇಗರ್ಜಿಯ ಬಳಿಯಲ್ಲಿದ್ದ ಊರಮನೆಯಲ್ಲಿ ಬಾರ್ಲಿಯ ಮದ್ಯವನ್ನು ಮಾಡಿಸಿ, ನೆರೆಯೂರಿನವರನ್ನೂ ಕರೆದು, ಮಾರಿ ಬಂದ ಲಾಭವನ್ನು ಇಗರ್ಜಿಯ ವೆಚ್ಚಕ್ಕೆ ಕೊಡುತ್ತಿದ್ದರು. ಈ ನಿಧಿಗಳ ಪಾರುಪತ್ಯವು ಸರದಿಯಂತೆ ಮನೆಮನೆಗೂ ಬರುತ್ತಿದ್ದಿತು. ಬಡವರ ಮನೆಗಳಿಗೂ ವಿಧವೆಯರಿಗೂ ಅದು ತಪ್ಪಿದುದಲ್ಲ. ಹೀಗೆ ಇಗರ್ಜಿಯನ್ನು ಕಾಪಾಡುವ ನೆಪದಲ್ಲಿ ಊರಿನ ಜನರು ಲೆಕ್ಕವಿಡುವುದನ್ನೂ, ಒಟ್ಟಾಗಿ ಕೂಡಿ ತೀರ್ಮಾನಿಸುವುದನ್ನೂ, ಒಬ್ಬರಿಗೊಬ್ಬರು ಹೊಣೆಯಾಗುವುದನ್ನೂ ಕಲಿತರು.

ಆರನೆಯ ಎಡ್ವರ್ಡನ ಆಳ್ವಿಕೆಯಲ್ಲಿ, 1547ರಿಂದ ಮುಂದಕ್ಕೆ, ಮತಸುಧಾರಣೆಯ ಆಜ್ಞೆಗಳು ಒಂದರ ಮೇಲೊಂದಾಗಿ ಬಂದುವು. ಸಂತರ ನಿಧಿಗಳು ರದ್ದಾದುವು. ಇಗರ್ಜಿಯ ಮಂದೆಯು ಮಾರಲ್ಪಟ್ಟಿತು. 1549ರಲ್ಲಿ ಹೊಸ ಪ್ರಾರ್ಥನಾ ಗ್ರಂಥಕ್ಕೆ ವಿರುದ್ಧವಾಗಿ ಪಶ್ಚಿಮ ಪ್ರಾಂತಗಳು ದಂಗೆಯೆದ್ದಾಗ ಮೋರ್‌ಬಾತಿನಿಂದಲೂ ಐವರು ತರುಣರು ಎಕ್ಸೆಟರಿನ ಹೊರವಲಯದ ದಂಗೆಕೋರರ ಪಾಳೆಯಕ್ಕೆ ಹೋದರು. ಅವರ ದಾರಿಯ ವೆಚ್ಚವನ್ನು ಕೊಟ್ಟುದು ಊರೇ. ದಂಗೆಯು ರಕ್ತಪಾತದಲ್ಲಿ ಅಡಗಿಹೋಯಿತು. ಮೂವತ್ತಮೂರು ಮನೆಗಳ ಹಳ್ಳಿಯೊಂದು ಅರಸನ ಸೈನ್ಯಕ್ಕೆ ಎದುರಾಗಿ ಮಕ್ಕಳನ್ನು ಕಳುಹಿಸಿದುದಕ್ಕೆ ಮತಶ್ರದ್ಧೆಯು ಕಾರಣವಾಗಿದ್ದಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಶ್ರದ್ಧೆಯ ಜೊತೆಗೆ, ತಮ್ಮ ಹಿರಿಯರು ಕಾಸುಕಾಸು ಕೂಡಿಸಿ ಕಟ್ಟಿದ ಊರೊಟ್ಟಿನ ಮನೆಯನ್ನು ಪರರು ಬರಿದು ಮಾಡಿದರೆಂಬ ದುಃಖವೂ ಸೇರಿದ್ದಿರಬೇಕು.

ಮತವು ಬದಲಾಯಿತು, ಆದರೆ ಊರಿನ ಕೆಲಸಗಳು ಇಗರ್ಜಿಯನ್ನು ಒಮ್ಮೆಲೇ ಬಿಟ್ಟು ಹೋಗಲಿಲ್ಲ. ಔತಣಗಳು ನಿಂತುವಾದರೂ ಪ್ಯಾರಿಷ್ ಎಂಬ ಗ್ರಾಮಘಟಕಕ್ಕೆ ಟ್ಯೂಡರ್ ಅರಸರು ಹೊಸ ಹೊಣೆಗಳನ್ನು ಹೊರಿಸಿದರು. 1538ರಲ್ಲಿ ಜ್ಞಾನಸ್ನಾನ, ವಿವಾಹ, ಮರಣಗಳ ದಫ್ತರವನ್ನು ಇಡಬೇಕೆಂದು ಆಜ್ಞೆಯಾಯಿತು. 1555ರಲ್ಲಿ ರಸ್ತೆಗಳ ದುರಸ್ತಿಯೂ 1601ರಲ್ಲಿ ಬಡವರ ಪೋಷಣೆಯೂ ಪ್ಯಾರಿಷ್ಷಿಗೆ ಸೇರಿದುವು. ಊರಿನ ಪ್ರಮುಖರು ಇಗರ್ಜಿಯ ಪಕ್ಕದ ಕೋಣೆಯಲ್ಲಿ ಕೂಡಿ ಇವುಗಳನ್ನು ನಿರ್ಣಯಿಸುತ್ತಿದ್ದುದರಿಂದ ಆ ಸಭೆಗೆ ಕೋಣೆಯ ಹೆಸರೇ ಬಂದು, ವೆಸ್ಟ್ರಿ ಎಂದಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಗಂಟುಗಳು ಒಂದೊಂದಾಗಿ ಸಡಿಲಿದುವು. 1834ರ ಕಾನೂನಿನಿಂದ ಬಡವರ ಪೋಷಣೆಯು ದೊಡ್ಡ ದೊಡ್ಡ ಒಕ್ಕೂಟಗಳಿಗೆ ಹೋಯಿತು. 1837ರಿಂದ ಜನನ ಮರಣಗಳ ದಾಖಲೆಯು ಸರಕಾರದ ಇಲಾಖೆಗೆ ಸೇರಿತು. ಆ ವೇಳೆಗೆ ಹಳ್ಳಿಯ ಜನರಲ್ಲಿ ಬಹುಮಂದಿ ಮೆಥಡಿಸ್ಟ್ ಮೊದಲಾದ ಬೇರೆ ಪಂಥಗಳ ಪ್ರಾರ್ಥನಾಮಂದಿರಗಳಿಗೆ ಹೋಗುತ್ತಿದ್ದರು. ತಾವು ಕಾಲಿಡದ ಕಟ್ಟಡಕ್ಕೆ ತಾವೇಕೆ ತೆರಿಗೆ ಕೊಡಬೇಕೆಂದು ಅವರು ಹೂಡಿದ ಹೋರಾಟವು ನ್ಯಾಯವಾದುದೇ ಆಗಿದ್ದಿತು. 1868ರಲ್ಲಿ ಇಗರ್ಜಿಯ ಕಡ್ಡಾಯದ ತೆರಿಗೆಯು ರದ್ದಾಯಿತು. 1894ರಲ್ಲಿ ಚುನಾಯಿತ ಗ್ರಾಮಸಭೆಗಳು ಏರ್ಪಟ್ಟು, ವೆಸ್ಟ್ರಿಯಲ್ಲಿ ಉಳಿದಿದ್ದ ಲೌಕಿಕಾಧಿಕಾರವೂ ಅವುಗಳ ಪಾಲಾಯಿತು. ಒಂದೊಂದು ಸುಧಾರಣೆಯೂ ಬೇಕಾದುದೇ, ಯಾವುದನ್ನೂ ತಪ್ಪೆನ್ನುವಂತಿಲ್ಲ. ಆದರೆ ಅರುವತ್ತು ವರ್ಷಗಳ ಅವಧಿಯಲ್ಲಿ ಊರೊಟ್ಟಿನ ಮನೆಯಾಗಿದ್ದುದು ಒಂದು ಪಂಥದ ಭಾನುವಾರದ ಮನೆಯಾಗಿ ಉಳಿಯಿತು.

ಅದೇ ಕಾಲದಲ್ಲಿ ಕಟ್ಟಡದ ಒಳಗೂ ಬದಲಾವಣೆಯಾಯಿತು. ಮಧ್ಯಯುಗದ ಶೈಲಿಯನ್ನು ಮರಳಿ ತರಬೇಕೆಂಬ ಉತ್ಸಾಹದಿಂದ ವಿಕ್ಟೋರಿಯಾ ರಾಣಿಯ ಕಾಲದ ವಾಸ್ತುಶಿಲ್ಪಿಗಳು ಸಾವಿರಾರು ಇಗರ್ಜಿಗಳನ್ನು ಜೀರ್ಣೋದ್ಧಾರ ಮಾಡಿದರು. ಬೀಳುತ್ತಿದ್ದ ಎಷ್ಟೋ ಗೋಡೆಗಳು ಅವರಿಂದ ಉಳಿದುವೆಂಬುದು ನಿಜ. ಆದರೆ ಹಳೆಯ ಗಾರೆಯನ್ನು ಕೆತ್ತಿ, ನಂತರದ ಕಾಲದ ಭಾಗಗಳನ್ನು ಕಿತ್ತು, ಸಭಾಂಗಣವನ್ನೆಲ್ಲ ಮರದ ಬೆಂಚುಗಳಿಂದ ತುಂಬಿದವರೂ ಅವರೇ. ಇದನ್ನು ಕಂಡು ಕೆರಳಿದ ವಿಲಿಯಂ ಮಾರಿಸನು 1877ರಲ್ಲಿ ಪುರಾತನ ಕಟ್ಟಡಗಳ ರಕ್ಷಣೆಗಾಗಿ ಒಂದು ಸಂಘವನ್ನು ಸ್ಥಾಪಿಸಿದನು. ಕೀರ್ತಿಶಾಲಿಯಾದ ಸರ್ ಗಿಲ್ಬರ್ಟ್ ಸ್ಕಾಟನು ಟ್ಯೂಕ್ಸ್‌ಬರಿಯ ಮಹಾಮಂದಿರದಲ್ಲಿ ಕೈಗೊಳ್ಳಲಿದ್ದ ಕೆಲಸವು ಅವನ ಕೋಪಕ್ಕೆ ಹತ್ತಿರದ ಕಾರಣವಾಯಿತು. ಹಳೆಯ ಕಟ್ಟಡವನ್ನು ಹೊಸದಾಗಿ ಮಾಡುವುದು ಬೇಡ, ದಿನದಿನದ ಆರೈಕೆಯಿಂದ ಇದ್ದುದನ್ನು ಇದ್ದಂತೆ ಕಾಯಬೇಕೆಂಬುದೇ ಆ ಸಂಘದ ತತ್ತ್ವ. ಮಾಡಿನ ಅಂಚಿನ ನೀರುದೋಣಿಯಿಂದ ಸಕಾಲದಲ್ಲಿ ಎಲೆಕಸವನ್ನು ತೆಗೆದುಹಾಕುವುದೂ ಆ ಆರೈಕೆಯಲ್ಲಿ ಸೇರಿದುದೇ. ಅದೊಂದನ್ನು ಮರೆತರೂ ನೀರು ಗೋಡೆಗಿಳಿದು ತೊಲೆಗಳು ಕೊಳೆಯುವುವು. ಆದರೆ ದಿನದಿನದ ಆರೈಕೆಗೆ ದಿನದಿನವೂ ಅಲ್ಲಿಗೆ ಬಂದು ಹೋಗುವ ಜನರು ಬೇಕು. ಅವರೇ ಇಲ್ಲದೆಡೆಯಲ್ಲಿ ಮಾರಿಸನ ತತ್ತ್ವವು ಕಾಗದದ ಮೇಲೆಯೇ ನಿಲ್ಲುವುದು.

ಇಪ್ಪತ್ತನೆಯ ಶತಮಾನದಲ್ಲಿ ಜನರು ಬರುವುದು ಕಡಿಮೆಯಾದಂತೆ ಇಗರ್ಜಿಗಳು ಬಾಗಿಲು ಮುಚ್ಚತೊಡಗಿದುವು. 1957ರಲ್ಲಿ ಐವರ್ ಬುಲ್ಮರ್-ಥಾಮಸ್ ಎಂಬುವರು ಮಿತ್ರರಿಲ್ಲದ ಇಗರ್ಜಿಗಳ ಮಿತ್ರರೆಂಬ ಅರ್ಥದ ಹೆಸರಿನಿಂದ ಒಂದು ಸಂಘವನ್ನು ಕಟ್ಟಿದರು. ಇಂಗ್ಲೆಂಡ್ ವೇಲ್ಸ್‌ಗಳ 60ಕ್ಕೂ ಹೆಚ್ಚು ಇಗರ್ಜಿಗಳು ಆ ಸಂಘದ ಆಶ್ರಯಕ್ಕೆ ಬಂದಿವೆ. 1969ರಲ್ಲಿ ಸರಕಾರವೂ ಧರ್ಮಸಂಸ್ಥೆಯೂ ಕೂಡಿ ಹಣ ಕೊಡುವ ಒಂದು ನಿಧಿಯು ಏರ್ಪಟ್ಟಿತು. ಅದರ ವಶದಲ್ಲಿ ಈಗ 350ಕ್ಕೂ ಮೇಲ್ಪಟ್ಟು ಇಗರ್ಜಿಗಳಿವೆ. ಇವರ ಉಪಕಾರವು ಸಾಮಾನ್ಯವಲ್ಲ. ಆದರೂ ಮುಚ್ಚಿದ ಇಗರ್ಜಿಗಳೆಲ್ಲಕ್ಕೂ ಇಂಥ ಆಶ್ರಯವು ದೊರೆಯುವುದು ಅಸಾಧ್ಯ. ನೂರಾರು ಕಟ್ಟಡಗಳು ವಾಸದ ಮನೆಗಳಾಗಿಯೂ ಕಚೇರಿಗಳಾಗಿಯೂ ಮಾರಾಟವಾದುವು, ಕೆಲವು ನೆಲಸಮವಾದುವು.

ಇಷ್ಟರಲ್ಲಿ ಹಳ್ಳಿಗಳಿಗೆ ಇನ್ನೊಂದು ವಿಪತ್ತು ಬಂದಿತು. ಜನರು ಮೋಟಾರು ಗಾಡಿಗಳಲ್ಲಿ ಪಟ್ಟಣಕ್ಕೆ ಹೋಗಿ ಸಾಮಾನು ತರತೊಡಗಿದುದರಿಂದ ಊರಿನ ಅಂಗಡಿಯು ಮುಚ್ಚಿತು, ಮಕ್ಕಳು ಕಡಿಮೆಯಾಗಿ ಶಾಲೆಯು ಮುಚ್ಚಿತು, ಪಾನಗೃಹವು ಮುಚ್ಚಿತು. 2007ರಿಂದ 2009ರವರೆಗಿನ ಅಲ್ಪಕಾಲದಲ್ಲಿಯೇ ದೇಶದಾದ್ಯಂತ ಸುಮಾರು 2,500 ಅಂಚೆ ಕಚೇರಿಗಳು ಮುಚ್ಚಲ್ಪಟ್ಟುವು. ಗಾಡಿ ನಡೆಯಿಸಲಾರದ ಮುದುಕರಿಗೆ ವೃದ್ಧಾಪ್ಯವೇತನವನ್ನು ಪಡೆಯುವುದಕ್ಕೂ, ಒಂದು ಕಾಗದವನ್ನು ಹಾಕುವುದಕ್ಕೂ, ನೆರೆಯವರೊಡನೆ ನಾಲ್ಕು ಮಾತನಾಡುವುದಕ್ಕೂ ಸ್ಥಳವಿಲ್ಲದಂತಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಊರಿನ ಕೆಲಸಗಳು ಇಗರ್ಜಿಯನ್ನು ಬಿಟ್ಟು ಹೊರಟುವು. ಇಪ್ಪತ್ತನೆಯ ಶತಮಾನದ ಕೊನೆಗೆ ಅವು ಊರನ್ನೇ ಬಿಟ್ಟು ಹೊರಟುವು. ಎಷ್ಟೋ ಹಳ್ಳಿಗಳಲ್ಲಿ ಎಲ್ಲರಿಗೂ ಸೇರಿದ ಕಟ್ಟಡವೆಂದರೆ ಮತ್ತೆ ಇಗರ್ಜಿಯೊಂದೇ ಉಳಿಯಿತು.

ಹೆರೆಫೋರ್ಡ್‌ಷೈರಿನ ಯಾರ್ಪೋಲ್ ಎಂಬ ಹಳ್ಳಿಯು ಈ ಅವಸ್ಥೆಯನ್ನು ಅನುಭವಿಸಿತು. ಅಲ್ಲಿನ ಸಂತ ಲೆನರ್ಡನ ಇಗರ್ಜಿಯು ಹದಿನಾಲ್ಕನೆಯ ಶತಮಾನದ್ದು. ಅದರ ಗಂಟೆಯ ಗೋಪುರವು ಇಗರ್ಜಿಗೆ ಅಂಟಿಕೊಳ್ಳದೆ, ಭಾರಿಯ ಮರದ ತೊಲೆಗಳ ಮೇಲೆ ಬೇರೆಯಾಗಿ ನಿಂತಿರುವುದು ಒಂದು ವಿಶೇಷ. 1864ರಲ್ಲಿ ಇದರ ಜೀರ್ಣೋದ್ಧಾರ ಮಾಡಿದವನು ಮಾರಿಸನ ಕೋಪಕ್ಕೆ ಗುರಿಯಾದ ಆ ಸ್ಕಾಟನೇ. ಊರಿನ ಅಂಗಡಿಯು ಮುಚ್ಚಿದ ಮೇಲೆ ಗ್ರಾಮಸ್ಥರು ತಾವೇ ಒಂದು ಸಮುದಾಯದ ಅಂಗಡಿಯನ್ನು ಸ್ಥಾಪಿಸಿ ಒಂದು ತಾತ್ಕಾಲಿಕ ಕೊಠಡಿಯಲ್ಲಿ ನಡೆಯಿಸಿದರು. ಅದಕ್ಕೆ ಸ್ಥಿರವಾದ ನೆಲೆಯೆಲ್ಲಿ? ಇತ್ತ ಇಗರ್ಜಿಯ ಸಭಾಂಗಣವು ವಾರದ ಆರು ದಿನ ಬರಿದಾಗಿದ್ದಿತು. 2009ರಲ್ಲಿ ಅಂಗಡಿಯೂ ಅಂಚೆ ಕಚೇರಿಯೂ ಸಭಾಂಗಣದ ಪಶ್ಚಿಮಭಾಗಕ್ಕೆ ಬಂದುವು. ಕುಳಿತು ಚಹಾ ಕುಡಿಯುವುದಕ್ಕೂ ಎಡೆಯಾಯಿತು. ಪೂರ್ವದ ಭಾಗದಲ್ಲಿ ಪ್ರಾರ್ಥನೆಯು ಎಂದಿನಂತೆ ನಡೆಯಿತು. ಅದೇ ಪ್ರಾಂತದ ಪೀಟರ್‌ಚರ್ಚ್ ಎಂಬಲ್ಲಿ ನಾರ್ಮನ್ ಕಾಲದ ಇಗರ್ಜಿಯೊಂದು ಪುಸ್ತಕಭಂಡಾರಕ್ಕೂ ಮಕ್ಕಳ ಕೂಟಗಳಿಗೂ ಬಾಗಿಲು ತೆರೆಯಿತು.

ಇಂಥ ಏರ್ಪಾಡು ಸುಲಭವಾದುದೆಂದು ಯಾರೂ ಭಾವಿಸಬಾರದು. ಮೊದಲನೆಯದಾಗಿ ಕಾನೂನು. ಇಗರ್ಜಿಯ ಒಂದು ಭಾಗವನ್ನು ಗೇಣಿಗೆ ಕೊಡುವುದಕ್ಕೆ 2006ರಲ್ಲಿ ಮಾಡಿದ ತಿದ್ದುಪಡಿಯಿಂದ ಅವಕಾಶವಾಯಿತು. ಆದರೆ ಕಟ್ಟಡದ ಮುಖ್ಯೋದ್ದೇಶವು ಪ್ರಾರ್ಥನೆಯೇ ಆಗಿರಬೇಕೆಂಬ ನಿಯಮವುಂಟು. ಎರಡನೆಯದಾಗಿ, ಒಂದು ಬೆಂಚನ್ನು ಕದಲಿಸಬೇಕಾದರೂ ಬಿಷಪ್ಪನ ಪ್ರಾಂತದ ನ್ಯಾಯಸ್ಥಾನದಿಂದ ಅಪ್ಪಣೆ ಬೇಕು. 2012ರಲ್ಲಿ ಡಫೀಲ್ಡ್ ಎಂಬ ಊರಿನ ಇಗರ್ಜಿಯ ವ್ಯಾಜ್ಯದಲ್ಲಿ ಮೇಲಿನ ಧರ್ಮನ್ಯಾಯಸ್ಥಾನವು ಒಂದು ಕ್ರಮವನ್ನು ಹಾಕಿಕೊಟ್ಟಿತು: ಮಾಡಬೇಕೆಂದಿರುವ ಬದಲಾವಣೆಯಿಂದ ಕಟ್ಟಡದ ಐತಿಹಾಸಿಕ ಮಹತ್ವಕ್ಕೆ ಹಾನಿಯಾಗುವುದೇ, ಆಗುವುದಾದರೆ ಎಷ್ಟು, ಆ ಹಾನಿಯನ್ನು ಮೀರಿಸುವಂಥ ಸಾರ್ವಜನಿಕ ಪ್ರಯೋಜನವಿದೆಯೇ ಎಂಬುದನ್ನು ತೂಗಿ ನೋಡತಕ್ಕದ್ದು. ಹಾನಿಯು ಹೆಚ್ಚಿದಷ್ಟೂ ಪ್ರಯೋಜನವೂ ಹೆಚ್ಚಿನದಾಗಿರಬೇಕು.

ಮೂರನೆಯದಾಗಿ ಕಟ್ಟಡದ ತೊಡಕುಗಳು. ಮಧ್ಯಯುಗದ ಇಗರ್ಜಿಗೆ ನೀರಿನ ಕೊಳಾಯಿಯಾಗಲಿ ಶೌಚಗೃಹವಾಗಲಿ ಇಲ್ಲ. ಅವನ್ನು ತರಬೇಕಾದರೆ ಸಮಾಧಿಭೂಮಿಯನ್ನು ಅಗೆಯಬೇಕು. ಅಗೆದರೆ ಹಿರಿಯರ ಅಸ್ಥಿಗಳು ಸಿಕ್ಕುವುವು. ಆದುದರಿಂದ ಪುರಾತತ್ತ್ವಜ್ಞರ ಎದುರಿನಲ್ಲಿಯೇ, ಗೌರವದಿಂದ, ಆ ಕೆಲಸವು ನಡೆಯಬೇಕು. ಹೊಸದಾಗಿ ಕಟ್ಟುವ ಕೋಣೆಯೂ ಕಪಾಟೂ ಹಳೆಯ ಗೋಡೆಗೆ ಮೊಳೆ ಹೊಡೆಯದೆ ತಮ್ಮ ಕಾಲಿನ ಮೇಲೆ ತಾವೇ ನಿಲ್ಲುವಂತಿರಬೇಕು. ನೂರು ವರ್ಷಗಳ ಮೇಲೆ ಬೇಡವೆನಿಸಿದರೆ ಗುರುತೂ ಉಳಿಯದಂತೆ ತೆಗೆದುಹಾಕಲು ಬರಬೇಕು. ಹಳೆಯದನ್ನು ಕಿತ್ತುಹಾಕಿದ ವಿಕ್ಟೋರಿಯಾ ಕಾಲದವರ ತಪ್ಪಿನಿಂದ ಮುಂದಿನವರು ಕಲಿತ ಪಾಠವಿದು. ವಿಚಿತ್ರವೇನೆಂದರೆ, ಆ ಕಾಲದವರು ತುಂಬಿದ ಬೆಂಚುಗಳು ಈಗ ತಾವೇ ಐತಿಹಾಸಿಕ ವಸ್ತುಗಳಾಗಿವೆ. ಅವುಗಳನ್ನು ತೆಗೆಯಬೇಕೆಂದಾಗಲೆಲ್ಲ ಊರಿನಲ್ಲಿಯೂ ನ್ಯಾಯಸ್ಥಾನದಲ್ಲಿಯೂ ವಾದವಿವಾದಗಳಾಗುವುವು.

ಆಕ್ಷೇಪಿಸುವವರ ಮಾತಿನಲ್ಲಿಯೂ ಸತ್ತ್ವವಿಲ್ಲದಿಲ್ಲ. ಯೇಸುಸ್ವಾಮಿಯು ದೇವಾಲಯದಿಂದ ವ್ಯಾಪಾರಿಗಳನ್ನು ಹೊರಗಟ್ಟಿದ ಕಥೆಯನ್ನು ಅವರು ಎತ್ತಿ ಹೇಳುವರು. ಮೌನವೇ ಇಗರ್ಜಿಯ ದೊಡ್ಡ ಐಶ್ವರ್ಯವೆಂದೂ, ಅದನ್ನು ಅರಸಿ ಒಬ್ಬಂಟಿಯಾಗಿ ಬರುವ ದುಃಖಿಗೆ ಅಂಗಡಿಯ ಸದ್ದು ಅಡ್ಡಿಯಾಗುವುದೆಂದೂ ಹೇಳುವರು. ಇದನ್ನು ತಳ್ಳಿಹಾಕಲಾಗದು. ಮಧ್ಯಯುಗದವರು ಪೂಜೆಯ ಅಂಕಣಕ್ಕೂ ಜನರ ಅಂಗಣಕ್ಕೂ ನಡುವೆ ತಡಿಕೆಯನ್ನು ನಿಲ್ಲಿಸಿದುದಕ್ಕೆ ಅರ್ಥವಿದ್ದಿತು; ಆ ವಿವೇಕವು ಈಗಲೂ ಬೇಕು. ಆದರೆ ಬೀಗ ಹಾಕಿದ ಬಾಗಿಲಿನ ಹಿಂದಿರುವ ಮೌನವು ಯಾವ ದುಃಖಿಗೂ ದೊರೆಯುವಂತಿಲ್ಲ. ರೊಟ್ಟಿಯನ್ನೂ ಅಂಚೆಚೀಟಿಯನ್ನೂ ಕೊಳ್ಳಲು ಬಂದವನಿಗಾಗಿ ತೆರೆದ ಬಾಗಿಲು, ಪ್ರಾರ್ಥಿಸಲು ಬಂದವನಿಗೂ ತೆರೆದೇ ಇರುವುದು.

ಈ ಉಪಾಯವು ಎಲ್ಲ ಇಗರ್ಜಿಗಳಿಗೂ ಒದಗದು. ಮನೆಗಳೇ ಇಲ್ಲದ ಬಯಲಿನ ನಡುವೆ ನಿಂತ ಇಗರ್ಜಿಗೆ ಅಂಗಡಿಯಿಂದೇನು ಫಲ? ಅಂಥವುಗಳಿಗೆ ಮಿತ್ರರ ಸಂಘವೇ ದಿಕ್ಕು. ಅಂಗಡಿಯಿದ್ದ ಕಡೆಯೂ ಕೂಲಿಯಿಲ್ಲದೆ ದುಡಿಯುವ ಊರವರು ದಣಿದರೆ ಏರ್ಪಾಡು ನಿಲ್ಲುವುದು. ಆದರೆ ಆ ಅಪಾಯವೂ ಹೊಸದಲ್ಲ. ಮೋರ್‌ಬಾತಿನ ಒಕ್ಕಲುಗಳು ಕುರಿ ಸಾಕಿ ಸರದಿಯಂತೆ ಲೆಕ್ಕ ಒಪ್ಪಿಸಿದಷ್ಟು ಕಾಲ ಅವರ ಇಗರ್ಜಿಯು ಊರೊಟ್ಟಿನ ಮನೆಯಾಗಿದ್ದಿತು. ಯಾರ್ಪೋಲಿನಲ್ಲಿ ಊರವರು ಸರದಿಯಂತೆ ಅಂಗಡಿಯ ಹಲಗೆಯ ಹಿಂದೆ ನಿಂತಾಗ, ಕುರಿಯ ಬದಲಿಗೆ ಅಂಚೆಯ ಚೀಟಿ ಬಂದಿತೆಂಬುದನ್ನು ಬಿಟ್ಟರೆ, ನಡೆದುದು ಆ ಹಳೆಯ ಕೆಲಸವೇ. ಕಲ್ಲುಗಾರೆಗಳನ್ನು ಶಿಲ್ಪಿಯು ಭದ್ರಪಡಿಸಬಲ್ಲನು. ಆದರೆ ಮಾಡು ಸೋರುತ್ತಿದೆಯೆಂದು ಮೊದಲು ಕಂಡು ಹೇಳುವವನು, ದಿನವೂ ಅದರಡಿಯಲ್ಲಿ ಬಂದು ಹೋಗುವ ಊರಿನವನೇ.